ಟೆಂಪ್ ಫೈಲ್ ಹುಟ್ಟಿಸಿದವರೇ ಅಳಿಸಬೇಕು

(ಹಾಸನದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಊರಲ್ಲೇ ಇದ್ದುಕೊಂಡು ಸಾಫ್ಟ್‌ವೇರ್ ಕೆಲಸ ಮಾಡುವ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಓದುವುದಕ್ಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಕಲೇಶಪುರದ ಕಡೆ ಒಬ್ಬ ಕಾಫಿ ವ್ಯಾಪಾರಿಗೆ ನೀವು ಒಂದು ಚಿಕ್ಕ ಸರ್ವರ್ ಬರೆದುಕೊಟ್ಟಿದ್ದೀರಿ ಅಂದುಕೊಳ್ಳಿ. ಬೆಳೆಗಾರರು ಮೂಟೆ ತಂದು ಹಾಕುತ್ತಾರೆ. ತೂಕ, ತೇವಾಂಶ, ಆವತ್ತಿನ ರೇಟು ಎಲ್ಲ ಸೇರಿ ಒಂದು ಬಿಲ್ ಆಗುತ್ತದೆ. ಅದು ಪಿಡಿಎಫ್ ಆಗಿ ಬೆಳೆಗಾರರ ಮೊಬೈಲಿಗೆ ಹೋಗುತ್ತದೆ. ಅವರು ಕೇಳಿದ್ದು ಒಂದೇ ಪಿಡಿಎಫ್. ಆದರೆ ಅದು ತಯಾರಾಗುವಷ್ಟರಲ್ಲಿ ಸರ್ವರಿನಲ್ಲಿ ನಾಲ್ಕೈದು ಫೈಲ್ ಹುಟ್ಟಿರುತ್ತವೆ. ಬಿಲ್ಲಿನ ಎಚ್‌ಟಿಎಂಎಲ್ ಒಂದು. ಕ್ಯೂಆರ್ ಕೋಡ್ ಚಿತ್ರ ಒಂದು. ತೂಕದ ಚೀಟಿಯ ಫೋಟೋ, ಅದನ್ನೇ ಚಿಕ್ಕದು ಮಾಡಿದ ಇನ್ನೊಂದು ಫೋಟೋ. ಕೊನೆಗೆ ಪಿಡಿಎಫ್. ಇವನ್ನೆಲ್ಲ ಯಾರೂ ಕೇಳಿರಲಿಲ್ಲ. ಕೆಲಸ ಮುಗಿದ ಮೇಲೆ ಯಾರಿಗೂ ಬೇಕಾಗಿಯೂ ಇಲ್ಲ. ಇವೇ ಟೆಂಪ್ ಫೈಲ್‌ಗಳು, ಅಂದರೆ ತಾತ್ಕಾಲಿಕ ಫೈಲ್‌ಗಳು.

ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಒಂದೇ ವಿಷಯ. ಟೆಂಪ್ ಫೈಲನ್ನು ಹುಟ್ಟಿಸುವ ಸಾಲು ಬರೆಯುವಾಗಲೇ ಅದನ್ನು ಯಾರು ಅಳಿಸುತ್ತಾರೆ ಅಂತ ತೀರ್ಮಾನ ಆಗಿರಬೇಕು. ನಿಮ್ಮ ಪ್ರೋಗ್ರಾಂ ನಡುವೆ ಸತ್ತುಹೋದರೆ ಯಾರು ಅಳಿಸುತ್ತಾರೆ ಅನ್ನುವುದೂ ಆಗಲೇ ಗೊತ್ತಿರಬೇಕು. ಕೇಳಿದರೆ ಸುಲಭ ಅನ್ನಿಸುತ್ತದೆ. ಆದರೆ ಇದನ್ನು ಕಾಲೇಜಿನಲ್ಲಿ ಯಾರೂ ಹೇಳಿಕೊಡುವುದಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಯಾವುದೋ ರಾತ್ರಿ ಸರ್ವರ್ ನಿಂತಾಗ ಕಲಿಯಬೇಕಾಗುತ್ತದೆ. ಅದಕ್ಕಿಂತ ಮೊದಲೇ ಕಲಿಯೋಣ.

ಎಷ್ಟು ಬೇಗ ನಿಲ್ಲುತ್ತದೆ ಅಂತ ಒಂದು ಲೆಕ್ಕ ಹಾಕೋಣ. ನಮ್ಮ ಹಾಸನಾಂಬೆ ದೇವಸ್ಥಾನದ ಬಾಗಿಲು ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ತೆಗೆಯುತ್ತಾರೆ. ಬಲಿಪಾಡ್ಯಮಿ ಕಳೆದ ಮೇಲೆ ಮುಚ್ಚುತ್ತಾರೆ. ಅಷ್ಟೇ ದಿನದಲ್ಲಿ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅಂಥ ಜಾತ್ರೆಗೆ ಪಾಸ್ ಮಾಡಿಕೊಡುವ ಒಂದು ಸರ್ವರನ್ನು ಊಹಿಸಿಕೊಳ್ಳಿ. ಒಂದು ಪಾಸಿಗೆ 300 ಕೆಬಿ ಟೆಂಪ್ ಫೈಲ್ ಉಳಿಯುತ್ತದೆ ಅನ್ನಿ. ದಿನಕ್ಕೆ 50,000 ಪಾಸ್ ಅಂದರೆ 15 ಜಿಬಿ. ಡಿಸ್ಕಿನಲ್ಲಿ 28 ಜಿಬಿ ಖಾಲಿ ಇದ್ದರೆ ಎರಡನೇ ದಿನ ಮುಗಿಯುವುದಕ್ಕೂ ಮೊದಲೇ ತುಂಬಿತು. ವರ್ಷವಿಡೀ ದಿನಕ್ಕೆ ಹತ್ತು ಪಾಸ್ ಮಾಡಿ ಟೆಸ್ಟ್ ಮಾಡಿದವರಿಗೆ ಇದು ಕಣ್ಣಿಗೇ ಬಿದ್ದಿರುವುದಿಲ್ಲ. ದಿನಕ್ಕೆ 3 ಎಂಬಿ ಉಳಿದರೆ ಯಾರು ನೋಡುತ್ತಾರೆ? ಜನ ಜಾಸ್ತಿ ಇರುವ ದಿನವೇ ಸರ್ವರ್ ಕೈ ಕೊಡುತ್ತದೆ.

ಡಿಸ್ಕ್ ತುಂಬಿದಾಗ ನಿಲ್ಲುವುದು ಪಿಡಿಎಫ್ ಒಂದೇ ಅಲ್ಲ. ಡೇಟಾಬೇಸ್ ಬರೆಯಲಾರದೆ ನಿಲ್ಲುತ್ತದೆ. ಲಾಗ್ ಬರೆಯುವುದಕ್ಕೆ ಜಾಗ ಇಲ್ಲ, ಹಾಗಾಗಿ ಏನಾಯಿತು ಅನ್ನುವ ದಾಖಲೆಯೂ ಸಿಗುವುದಿಲ್ಲ. ನೀವು ಗಾಬರಿಯಲ್ಲಿ ಲಾಗಿನ್ ಆಗಿ, ಫೋಲ್ಡರ್ ಹೆಸರು ಅರ್ಧ ಟೈಪ್ ಮಾಡಿ ಟ್ಯಾಬ್ ಒತ್ತುತ್ತೀರಿ. ಹೆಸರು ಪೂರ್ತಿ ಆಗುವ ಬದಲು, ಹಿಯರ್-ಡಾಕ್ಯುಮೆಂಟಿಗೆ ಟೆಂಪ್ ಫೈಲ್ ಮಾಡಲು ಆಗಲಿಲ್ಲ, ಜಾಗ ಇಲ್ಲ ಅಂತ ಬ್ಯಾಶ್, ಅಂದರೆ ನೀವು ಕಮಾಂಡ್ ಟೈಪ್ ಮಾಡುವ ಪ್ರೋಗ್ರಾಂ, ಹೇಳುತ್ತದೆ. ಯಾಕೆಂದರೆ ಆ ಟ್ಯಾಬ್ ಕೆಲಸಕ್ಕೂ ಬ್ಯಾಶ್ ಒಳಗೊಳಗೇ ಒಂದು ಟೆಂಪ್ ಫೈಲ್ ಮಾಡಿಕೊಳ್ಳಬೇಕಾಗುತ್ತದೆ. ಆ ಸಂದೇಶ ಕಂಡರೆ ಬೇರೇನೂ ಹುಡುಕಬೇಡಿ. ಮೊದಲು ಡಿಸ್ಕ್ ನೋಡಿ.

ಹಾಗಾದರೆ ಟೆಂಪ್ ಫೈಲೇ ಬೇಡ ಅನ್ನಬಹುದಾ? ಎಷ್ಟೋ ಕಡೆ ಅನ್ನಬಹುದು. ಕ್ಯೂಆರ್ ಚಿತ್ರ ಕೆಲವೇ ಕೆಬಿ ಇರುತ್ತದೆ, ಮೆಮೊರಿಯಲ್ಲೇ ಇಟ್ಟುಕೊಂಡು ಎಚ್‌ಟಿಎಂಎಲ್ ಒಳಗೇ ಸೇರಿಸಿಬಿಡಬಹುದು. ಸಿಎಸ್‌ವಿ ವರದಿಯನ್ನು ಸಾಲು ಸಾಲಾಗಿ ಹಾಗೇ ಬ್ರೌಸರಿಗೆ ಕಳಿಸಬಹುದು. ಫೈಲ್ ಇಲ್ಲದಿದ್ದರೆ ಅಳಿಸುವ ತಲೆನೋವೂ ಇಲ್ಲ, ಅಲ್ವಾ? ಆದರೆ ಎಲ್ಲಾ ಕಡೆ ಆಗುವುದಿಲ್ಲ. ಲಿಬ್ರೆಆಫೀಸ್‌ನಿಂದ ಡಾಕ್ಯುಮೆಂಟನ್ನು ಪಿಡಿಎಫ್ ಮಾಡಿಸುವಾಗ ಅದಕ್ಕೆ ಫೈಲ್ ಹೆಸರೇ ಬೇಕು. ಎಫ್‌ಎಫ್‌ಎಂಪೆಗ್ ಅನ್ನುವ ವಿಡಿಯೋ ಪ್ರೋಗ್ರಾಂ ಮಾಮೂಲಿ ಎಂಪಿ4 ಬರೆಯುವಾಗ ಕೊನೆಗೆ ಹಿಂದಕ್ಕೆ ಹೋಗಿ ತಿದ್ದಬೇಕಾಗುತ್ತದೆ, ಫೈಲ್ ಇಲ್ಲದೆ ನೇರ ಇನ್ನೊಂದು ಪ್ರೋಗ್ರಾಂಗೆ ಹರಿಸುವ ಪೈಪಿನಲ್ಲಿ ಹಾಗೆ ಹಿಂದಕ್ಕೆ ಹೋಗಲು ದಾರಿಯಿಲ್ಲ. 500 ಎಂಬಿ ಅಪ್‌ಲೋಡನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತೇನೆ ಅಂತ ಹೊರಟರೆ ನಾಲ್ಕು ಜನ ಒಟ್ಟಿಗೆ ಬಂದಾಗ ಸರ್ವರ್ ಸಾಯುತ್ತದೆ. ಹಾಗಾಗಿ ಟೆಂಪ್ ಫೈಲ್ ಇದ್ದೇ ಇರುತ್ತದೆ.

ಮೊದಲ ಪ್ರಶ್ನೆ ಹೆಸರಿನದು. ಹೊಸಬರು ಬರೆಯುವ ಕೋಡಿನಲ್ಲಿ ಸ್ಲ್ಯಾಶ್ ಟೆಂಪ್ (/tmp), ಅಂದರೆ ಟೆಂಪ್ ಫೈಲಿಗೆಂದೇ ಇರುವ ಫೋಲ್ಡರಿನ (ಡೈರೆಕ್ಟರಿಯ) ಒಳಗೆ ಬಿಲ್ ಡಾಟ್ ಪಿಡಿಎಫ್ ಅನ್ನುವಂಥ ಹೆಸರು ಎಷ್ಟೋ ಸಲ ಕಾಣುತ್ತದೆ. ಒಬ್ಬರೇ ಟೆಸ್ಟ್ ಮಾಡುವಾಗ ಸರಿಯಾಗಿಯೇ ಓಡುತ್ತದೆ. ನಿಜವಾದ ಸರ್ವರಿನಲ್ಲಿ ಏನಾಗುತ್ತದೆ ನೋಡಿ. ಬೇಲೂರಿನ ಬೆಳೆಗಾರರ ಬಿಲ್ ಬರೆದು ಮುಗಿಯಿತು, ಇನ್ನೂ ಕಳಿಸಿಲ್ಲ. ಅಷ್ಟರಲ್ಲಿ ಆಲೂರಿನವರ ಬಿಲ್ ಅದೇ ಹೆಸರಿನ ಮೇಲೆ ಬಂದು ಕೂತಿತು. ಈಗ ಮೊದಲನೆಯ ರಿಕ್ವೆಸ್ಟ್ ಆ ಫೈಲ್ ಓದಿ ಬೇಲೂರಿಗೆ ಕಳಿಸುತ್ತದೆ. ಒಬ್ಬರ ತೂಕ, ಒಬ್ಬರ ಬ್ಯಾಂಕ್ ಖಾತೆ ನಂಬರು ಇನ್ನೊಬ್ಬರ ಕೈಗೆ ಹೋಯಿತು. ಎಲ್ಲೂ ಎರರ್ ಬರಲಿಲ್ಲ. ಲಾಗಿನಲ್ಲಿ ಎರಡೂ ಯಶಸ್ವಿ ಅಂತಲೇ ಇರುತ್ತದೆ. ಡಿಸ್ಕ್ ತುಂಬಿದರೆ ಎಲ್ಲರಿಗೂ ಗೊತ್ತಾಗುತ್ತದೆ, ಇದು ಗೊತ್ತೇ ಆಗುವುದಿಲ್ಲ. ನನ್ನ ಮಟ್ಟಿಗೆ ಇದು ಡಿಸ್ಕ್ ತುಂಬುವುದಕ್ಕಿಂತ ದೊಡ್ಡ ತಪ್ಪು.

ಹೆಸರಿಗೆ ಟೈಮ್ ಸೇರಿಸುತ್ತೇನೆ ಅನ್ನುತ್ತಾರೆ. ಒಂದೇ ಮಿಲಿಸೆಕೆಂಡಿನಲ್ಲಿ ಎರಡು ರಿಕ್ವೆಸ್ಟ್ ಬರುವುದು ದೊಡ್ಡ ವಿಷಯ ಅಲ್ಲ. ಪ್ರೋಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಂ, ಅದರ ನಂಬರ್ ಸೇರಿಸುತ್ತೇನೆ ಅನ್ನುತ್ತಾರೆ. ಪ್ರೋಗ್ರಾಂಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟ ಹಾಗೆ ಓಡಿಸುವ ಡಾಕರ್ ಕಂಟೇನರ್ ಒಳಗೆ ಮುಖ್ಯ ಪ್ರೋಸೆಸ್ಸಿನ ನಂಬರ್ ಸಾಮಾನ್ಯವಾಗಿ 1. ಮೂರು ಕಂಟೇನರ್ ಒಂದೇ ವಾಲ್ಯೂಮ್ (ಫೈಲ್ ಇಡುವ ಜಾಗ) ಹಂಚಿಕೊಂಡರೆ ಮೂರರ ನಂಬರೂ 1. ಆ ಹೆಸರಿನ ಫೈಲ್ ಇದೆಯಾ ಅಂತ ನೋಡಿ, ಇಲ್ಲದಿದ್ದರೆ ಮಾತ್ರ ಮಾಡುತ್ತೇನೆ ಅನ್ನುವುದು ಇನ್ನೊಂದು ವಾದ. ನೋಡುವುದಕ್ಕೂ ಮಾಡುವುದಕ್ಕೂ ನಡುವೆ ಒಂದು ಸಣ್ಣ ಸಂದು ಇರುತ್ತದೆ. ಆ ಸಂದಿನಲ್ಲಿ ಇನ್ನೊಬ್ಬರು ನುಗ್ಗಬಹುದು.

ನುಗ್ಗುವವರು ಬೇಕಂತಲೇ ನುಗ್ಗಬಹುದು ಅನ್ನುವುದು ಇಲ್ಲಿ ಮುಖ್ಯ. ಸ್ಲ್ಯಾಶ್ ಟೆಂಪ್ ಅನ್ನುವುದು ಊರೊಟ್ಟಿನ ಕಣ ಇದ್ದ ಹಾಗೆ. ಯಾರು ಬೇಕಾದರೂ ಬಂದು ರಾಗಿ ಹರವಬಹುದು, ಒಬ್ಬರ ರಾಶಿಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಯೂನಿಕ್ಸಿನಲ್ಲಿ ಆ ಕಟ್ಟುಪಾಡನ್ನು ಸ್ಟಿಕಿ ಬಿಟ್ ನೋಡಿಕೊಳ್ಳುತ್ತದೆ. ಆ ಡೈರೆಕ್ಟರಿಯ ಪರ್ಮಿಶನ್ 1777 ಅಂತ ಇರುತ್ತದೆ. ಎಲ್ಲರೂ ಬರೆಯಬಹುದು, ಆದರೆ ಒಬ್ಬರ ಫೈಲನ್ನು ಇನ್ನೊಬ್ಬ ಮಾಮೂಲಿ ಯೂಸರ್ ಅಳಿಸಲಾರ, ಹೆಸರು ಬದಲಿಸಲಾರ. ಆದರೆ ನೀವು ಇಡಲಿರುವ ಹೆಸರನ್ನು ಅವನು ಮೊದಲೇ ಊಹಿಸಿದರೆ? ಅದೇ ಹೆಸರಿನಲ್ಲಿ ಒಂದು ಸಿಮ್‌ಲಿಂಕ್ ಮಾಡಿ, ಅದು ಸಿಸ್ಟಂನ ಯಾವುದೋ ಮುಖ್ಯ ಫೈಲಿಗೆ ಹೋಗುವಂತೆ ಇಟ್ಟಿರುತ್ತಾನೆ. ನಿಮ್ಮ ಪ್ರೋಗ್ರಾಂ ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಇರುವ ಯೂಸರ್ ಆಗಿ, ಓಡುತ್ತಿದ್ದರೆ ಟೆಂಪ್ ಫೈಲ್ ಅಂದುಕೊಂಡು ಆ ಮುಖ್ಯ ಫೈಲಿನ ಮೇಲೇ ಬರೆದುಬಿಡುತ್ತದೆ. ಈ ದಾಳಿ ಹಳೆಯದು. ಇದನ್ನು ತಡೆಯಲೆಂದೇ 2012ರಲ್ಲಿ ಬಂದ ಲಿನಕ್ಸ್ 3.6ರಲ್ಲಿ ಸಿಮ್‌ಲಿಂಕ್ ರಕ್ಷಣೆ ಸೇರಿಸಿದರು. ಹಾಗಂತ ಅದೊಂದನ್ನೇ ನಂಬಿ ಕೋಡ್ ಬರೆಯಬಾರದು.

ಸರಿಯಾದ ದಾರಿ ಎಲ್ಲ ಭಾಷೆಯಲ್ಲೂ ಸಿದ್ಧವಾಗಿದೆ. ಸಿ ಭಾಷೆಯಲ್ಲಿ ಎಂಕೆಎಸ್‌ಟೆಂಪ್. ಹೆಸರಿನ ಕೊನೆಗೆ ಆರು ಎಕ್ಸ್ ಕೊಟ್ಟರೆ ಅದರ ಜಾಗಕ್ಕೆ ಊಹಿಸಲಾಗದ ಅಕ್ಷರ ತುಂಬುತ್ತದೆ. ಹೆಸರು ಹುಡುಕುವುದು, ಫೈಲ್ ಮಾಡುವುದು, ತೆರೆಯುವುದು ಎಲ್ಲ ಅದರದ್ದೇ ಜವಾಬ್ದಾರಿ. ಆ ಹೆಸರು ಮೊದಲೇ ಇದ್ದರೆ ತೆರೆಯುವುದೇ ಇಲ್ಲ, ಬೇರೆ ಹೆಸರು ನೋಡುತ್ತದೆ. ಇದ್ದರೆ ಬೇಡ ಅನ್ನುವ ಈ ನಿರ್ಧಾರವನ್ನು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ತಾನೇ ಮಾಡುವುದರಿಂದ ನಡುವೆ ಸಂದು ಇರುವುದಿಲ್ಲ. ಪರ್ಮಿಶನ್ 0600, ಅಂದರೆ ನಿಮ್ಮ ಯೂಸರ್ ಮಾತ್ರ ಓದಬಹುದು, ಬರೆಯಬಹುದು. ಪೈಥಾನಿನ ಟೆಂಪ್‌ಫೈಲ್ ಮಾಡ್ಯೂಲ್ ಕೂಡ ಇದನ್ನೇ ಮಾಡುತ್ತದೆ. ಅದರಲ್ಲೇ ಎಂಕೆಟೆಂಪ್ ಅಂತ ಹಳೆಯದೊಂದಿದೆ. ಅದು ಹೆಸರು ಮಾತ್ರ ಕೊಟ್ಟು ಸುಮ್ಮನಾಗುತ್ತದೆ, ಫೈಲ್ ಮಾಡುವುದಿಲ್ಲ. ಪೈಥಾನ್ 2.3ರಿಂದಲೇ ಅದನ್ನು ಬಳಸಬೇಡಿ ಅಂತ ಬರೆದಿದ್ದಾರೆ. ಗೋ ಭಾಷೆಯಲ್ಲಿ ಕ್ರಿಯೇಟ್‌ಟೆಂಪ್ ಮತ್ತು ಎಂಕೆಡಿರ್‌ಟೆಂಪ್ 1.16ರಿಂದ ಓಎಸ್ ಪ್ಯಾಕೇಜಿನಲ್ಲೇ ಇವೆ. ಇವಿರುವಾಗ ಹೆಸರನ್ನು ನೀವೇ ಕಟ್ಟಬೇಡಿ. ಯೂಸರ್ ಕಳಿಸಿದ ಫೈಲ್ ಹೆಸರನ್ನಂತೂ ಯಾವ ಕಾರಣಕ್ಕೂ ಡಿಸ್ಕಿನ ದಾರಿಗೆ (ಪಾತ್) ಸೇರಿಸಬೇಡಿ. ಅದರಲ್ಲಿ ಎರಡು ಚುಕ್ಕಿ, ಸ್ಲ್ಯಾಶ್ ಹಾಕಿ ನಿಮ್ಮ ಫೋಲ್ಡರಿನಿಂದ ಹೊರಗೆ ಹೋಗುವವರಿದ್ದಾರೆ. ಆ ಹೆಸರು ಬೇಕಿದ್ದರೆ ಡೇಟಾಬೇಸಿನಲ್ಲಿ ಇಟ್ಟುಕೊಳ್ಳಿ.

ಈಗ ನನಗೆ ತುಂಬಾ ಉಪಯೋಗ ಅನ್ನಿಸಿರುವ ಪದ್ಧತಿ ಹೇಳುತ್ತೇನೆ. ಬಿಡಿಬಿಡಿ ಟೆಂಪ್ ಫೈಲ್ ಮಾಡಬೇಡಿ. ಒಂದು ರಿಕ್ವೆಸ್ಟಿಗೆ ಒಂದು ಟೆಂಪ್ ಡೈರೆಕ್ಟರಿ ಮಾಡಿ. ಆ ರಿಕ್ವೆಸ್ಟಿನ ಎಲ್ಲಾ ಫೈಲ್ ಅದರೊಳಗೇ ಇರಲಿ. ಕೊನೆಗೆ ಆ ಒಂದು ಡೈರೆಕ್ಟರಿ ಅಳಿಸಿದರೆ ಮುಗಿಯಿತು.

ಯಾಕೆ ಅಂದರೆ, ನೀವು ಹುಟ್ಟಿಸಿದ ಫೈಲ್ ಮಾತ್ರ ನಿಮಗೆ ಗೊತ್ತಿರುತ್ತದೆ. ನೀವು ಕರೆಯುವ ಬೇರೆ ಪ್ರೋಗ್ರಾಂಗಳು ಹುಟ್ಟಿಸುವುದು ಗೊತ್ತಿರುವುದಿಲ್ಲ. ಲಿಬ್ರೆಆಫೀಸ್ ಲಾಕ್ ಫೈಲ್ ಮಾಡುತ್ತದೆ. ಇಮೇಜ್‌ಮ್ಯಾಜಿಕ್ ದೊಡ್ಡ ಚಿತ್ರ ಬಂದಾಗ ಸ್ಲ್ಯಾಶ್ ಟೆಂಪ್ ಒಳಗೆ ಮ್ಯಾಜಿಕ್ ಅಂತ ಶುರುವಾಗುವ ಹೆಸರಿನಲ್ಲಿ ಫೈಲ್ ಮಾಡಿಕೊಳ್ಳುತ್ತದೆ. ಕೆಲಸ ಸರಿಯಾಗಿ ಮುಗಿದರೆ ತಾನೇ ಅಳಿಸುತ್ತದೆ. ನೀವು ಟೈಮ್‌ಔಟ್ ಆಯಿತು ಅಂತ ಅದನ್ನು ನಡುವೆ ಕೊಂದರೆ ಆ ಫೈಲ್ ಹಾಗೇ ಬಿದ್ದಿರುತ್ತದೆ. ಒಂದೊಂದು ಜಿಬಿಗಟ್ಟಲೆ ಇರಬಹುದು. ಇದಕ್ಕೆ ಸುಲಭ ಉಪಾಯ ಇದೆ. ಆ ಪ್ರೋಗ್ರಾಂ ಕರೆಯುವಾಗ ಟಿಎಂಪಿಡಿಐಆರ್ ಅನ್ನುವ ಎನ್‌ವಿರಾನ್‌ಮೆಂಟ್ ವೇರಿಯಬಲ್ಲಿಗೆ ನಿಮ್ಮ ರಿಕ್ವೆಸ್ಟಿನ ಡೈರೆಕ್ಟರಿಯನ್ನೇ ಕೊಡಿ. ಅದನ್ನು ಗೌರವಿಸುವ ಪ್ರೋಗ್ರಾಂಗಳ ಕಸವೆಲ್ಲ ಅಲ್ಲೇ ಬೀಳುತ್ತದೆ. ಲಿಬ್ರೆಆಫೀಸಿಗೆ ಇನ್ನೊಂದು ಮಾತು. ಎರಡು ಕೆಲಸ ಒಟ್ಟಿಗೆ ಓಡಬೇಕಾದರೆ ಎರಡಕ್ಕೂ ಬೇರೆ ಬೇರೆ ಯೂಸರ್ ಪ್ರೊಫೈಲ್ ಡೈರೆಕ್ಟರಿ ಕೊಡಬೇಕು. ಅದನ್ನೂ ಇದೇ ಟೆಂಪ್ ಡೈರೆಕ್ಟರಿಯ ಒಳಗೆ ಇಡಿ.

ಜಾವಾಸ್ಕ್ರಿಪ್ಟಿನ ನೋಡ್ ಬಳಸುವವರಿಗೆ ಒಂದು ಸಣ್ಣ ಸೂಚನೆ. ಎಂಕೆಡಿಟೆಂಪ್ ನೀವು ಕೊಟ್ಟ ಹೆಸರಿನ ಬೆನ್ನಿಗೇ ಆರು ಅಕ್ಷರ ಅಂಟಿಸುತ್ತದೆ. ಸ್ಲ್ಯಾಶ್ ಟೆಂಪ್ ಅಂತ ಮಾತ್ರ ಕೊಟ್ಟು ಕೊನೆಯ ಸ್ಲ್ಯಾಶ್ ಬಿಟ್ಟರೆ ಡೈರೆಕ್ಟರಿ ಟೆಂಪ್ ಒಳಗಲ್ಲ, ಅದರ ಪಕ್ಕದಲ್ಲಿ ಹುಟ್ಟುತ್ತದೆ.

ಇನ್ನು ಅಳಿಸುವ ವಿಷಯ. ಪೈಥಾನಿನಲ್ಲಿ ವಿತ್ ಬಳಸಿ ಟೆಂಪರರಿಡೈರೆಕ್ಟರಿ ತೆರೆಯಿರಿ. 3.2ರಿಂದ ಇದೆ. ಆ ಬ್ಲಾಕ್ ಮುಗಿದ ಕೂಡಲೇ, ನಡುವೆ ಎಕ್ಸೆಪ್ಷನ್ ಬಂದರೂ, ಎಲ್ಲ ಅಳಿಸುತ್ತದೆ. ಗೋದಲ್ಲಿ ಡೈರೆಕ್ಟರಿ ಮಾಡಿ, ಎರರ್ ನೋಡಿ, ಕೂಡಲೇ ಡಿಫರ್ (ಫಂಕ್ಷನ್ ಮುಗಿಯುವಾಗ ಓಡು ಅನ್ನುವ ಸೂಚನೆ) ಹಾಕಿ ರಿಮೂವ್‌ಆಲ್ ಬರೆಯಿರಿ. ಹತ್ತು ಸಾಲು ಬಿಟ್ಟು ಬರೆದರೆ ಆ ಹತ್ತು ಸಾಲಿನಲ್ಲಿ ಎಲ್ಲೋ ರಿಟರ್ನ್ ಆಗಿಬಿಟ್ಟಿರುತ್ತದೆ. ಲಾಗ್ ಫೇಟಲ್ ಅಥವಾ ಓಎಸ್ ಎಕ್ಸಿಟ್ ಕರೆದರೆ ಡಿಫರ್ ಓಡುವುದಿಲ್ಲ, ನೆನಪಿರಲಿ. ಪಿಎಚ್‌ಪಿ ಅಪ್‌ಲೋಡ್ ಆದ ಫೈಲನ್ನು ರಿಕ್ವೆಸ್ಟ್ ಮುಗಿದಾಗ ತಾನೇ ಅಳಿಸುತ್ತದೆ. ಅದರಿಂದ ನೀವು ಮಾಡಿಕೊಂಡ ಚಿಕ್ಕ ಚಿತ್ರವನ್ನು ಅಳಿಸುವುದಿಲ್ಲ. ಜಾವಾದಲ್ಲಿ ಡಿಲೀಟ್‌ಆನ್‌ಎಕ್ಸಿಟ್ ಅಂತ ಒಂದಿದೆ. ಹೆಸರು ನೋಡಿ ತುಂಬಾ ಜನ ನಂಬುತ್ತಾರೆ. ಅದು ಅಳಿಸುವುದು ಜೆವಿಎಂ, ಅಂದರೆ ಜಾವಾ ಓಡಿಸುವ ಪ್ರೋಗ್ರಾಂ, ನಿಲ್ಲುವಾಗ. ಸರ್ವರ್ ತಿಂಗಳುಗಟ್ಟಲೆ ನಿಲ್ಲುವುದೇ ಇಲ್ಲವಲ್ಲ. ಅಲ್ಲಿಯವರೆಗೆ ಫೈಲೂ ಉಳಿಯುತ್ತದೆ, ಅದರ ಹೆಸರು ಮೆಮೊರಿಯಲ್ಲಿ ಪಟ್ಟಿಯಾಗಿ ಬೆಳೆಯುತ್ತಲೂ ಹೋಗುತ್ತದೆ. ಸರ್ವರ್ ಕೋಡಿನಲ್ಲಿ ಅದನ್ನು ಬಳಸಲೇಬೇಡಿ.

ಫೈಲನ್ನು ಬ್ರೌಸರಿಗೆ ಕಳಿಸುವ ಜಾಗದಲ್ಲಿ ಸ್ವಲ್ಪ ನಿಲ್ಲೋಣ. ಜಾಸ್ತಿ ಕಸ ಉಳಿಯುವುದು ಇಲ್ಲೇ. ಬೆಳೆಗಾರರು ಹಾಸನದಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗುತ್ತಾ ಬಿಲ್ ಡೌನ್‌ಲೋಡ್ ಒತ್ತಿದರು. ಬಸ್ಸು ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುತ್ತಿದೆ. ಅರ್ಧ ಪಿಡಿಎಫ್ ಹೋಗಿದೆ, ಸಿಗ್ನಲ್ ಕಟ್ ಆಯಿತು. ನೋಡ್ ಸರ್ವರಿನಲ್ಲಿ ನೀವು ಅಳಿಸುವ ಕೋಡನ್ನು ರೆಸ್ಪಾನ್ಸಿನ ಫಿನಿಶ್ ಈವೆಂಟಿಗೆ ಕಟ್ಟಿದ್ದೀರಿ. ಫಿನಿಶ್ ಬರುವುದು ಎಲ್ಲ ಡೇಟಾ ಆಪರೇಟಿಂಗ್ ಸಿಸ್ಟಂಗೆ ಒಪ್ಪಿಸಿ ಆದಾಗ. ಇಲ್ಲಿ ಅದು ಬರುವುದೇ ಇಲ್ಲ. ಸಂಪರ್ಕ ಕಡಿದಿದೆ ಅಂತ ಸರ್ವರಿಗೆ ಗೊತ್ತಾದಾಗ ಬರುವುದು ಕ್ಲೋಸ್ ಈವೆಂಟ್. ಪೂರ್ತಿ ಹೋದಾಗಲೂ ಕೊನೆಗೆ ಕ್ಲೋಸ್ ಬರುತ್ತದೆ. ಹಾಗಾಗಿ ಅಳಿಸುವುದನ್ನು ಕ್ಲೋಸಿಗೆ ಕಟ್ಟಿ. ಆಫೀಸಿನ ಒಳ್ಳೆ ವೈಫೈನಲ್ಲಿ ಟೆಸ್ಟ್ ಮಾಡಿದರೆ ಈ ವ್ಯತ್ಯಾಸ ಎಂದೂ ಕಾಣುವುದಿಲ್ಲ. ನಮ್ಮ ಮಲೆನಾಡಿನ ಬಳಕೆದಾರರಿಗೆ ಬರೆಯುವಾಗ ಸಂಪರ್ಕ ಕಡಿಯುವುದೇ ಮಾಮೂಲಿ ಅಂದುಕೊಂಡು ಬರೆಯಬೇಕು.

ಇಷ್ಟೆಲ್ಲ ಮಾಡಿದರೂ ಪ್ರೋಗ್ರಾಂ ನಡುವೆ ಸತ್ತರೆ ಇದ್ಯಾವುದೂ ಓಡುವುದಿಲ್ಲ. ಕರೆಂಟ್ ಹೋಗಬಹುದು. ಮೆಮೊರಿ ಸಾಲದೆ ಕರ್ನಲ್ ಕೊಲ್ಲಬಹುದು. ಯಾರೋ ಕಿಲ್ ಮೈನಸ್ 9, ಅಂದರೆ ಪ್ರೋಗ್ರಾಮನ್ನು ಕೂಡಲೇ ಕೊಲ್ಲುವ ಕಮಾಂಡ್, ಹೊಡೆಯಬಹುದು. ಅದನ್ನು ಯಾವ ಪ್ರೋಗ್ರಾಮೂ ಹಿಡಿಯಲಾರದು. ಆದರೆ ಪ್ರತಿ ಸಲ ಹೊಸ ಆವೃತ್ತಿ ಹಾಕುವಾಗ ಬರುವುದು ನಿಲ್ಲು ಅಂತ ಕೇಳುವ ಸಿಗ್ನಲ್ಲಾದ ಸಿಗ್‌ಟರ್ಮ್, ಅದನ್ನು ಹಿಡಿಯಬಹುದು. ಪೈಥಾನಿನಲ್ಲಿ ನೀವೇ ಬರೆದ ವರ್ಕರ್‌ಗೆ ಸಿಗ್‌ಟರ್ಮ್ ಬಂದರೆ, ನೀವು ಏನೂ ಏರ್ಪಾಡು ಮಾಡಿರದಿದ್ದರೆ, ಪ್ರೋಸೆಸ್ ಅಲ್ಲೇ ಸಾಯುತ್ತದೆ. ಫೈನಲಿ ಓಡುವುದಿಲ್ಲ. ವಿತ್ ಬ್ಲಾಕ್ ಮುಗಿಯುವುದಿಲ್ಲ. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಸಿಗ್ನಲ್ ಹಿಡಿದು ಸಿಸ್ ಎಕ್ಸಿಟ್ ಕರೆಯುವ ಎರಡು ಸಾಲು ಬರೆದರೆ ಎಲ್ಲ ಸರಿಯಾಗಿ ಬಿಚ್ಚಿಕೊಳ್ಳುತ್ತದೆ. ಕಂಟೇನರಿನಲ್ಲಿ ಅದೇ ಪ್ರೋಗ್ರಾಂ ನಂಬರ್ 1 ಆಗಿ ಓಡುತ್ತಿದ್ದರೆ ಕಥೆ ಬೇರೆ. ಸಿಗ್ನಲ್ ಹಿಡಿಯುವ ಹ್ಯಾಂಡ್ಲರ್ ಇಲ್ಲದಿದ್ದರೆ ಸಿಗ್‌ಟರ್ಮ್ ಅದಕ್ಕೆ ತಟ್ಟುವುದೇ ಇಲ್ಲ. ಡಾಕರ್ ಸ್ಟಾಪ್ 10 ಸೆಕೆಂಡ್ ಕಾಯುತ್ತದೆ, ಆಮೇಲೆ ಕೊಂದೇಬಿಡುತ್ತದೆ. ಕಂಟೇನರುಗಳನ್ನು ನೋಡಿಕೊಳ್ಳುವ ಕುಬರ್ನೆಟಿಸ್ ಮಾಮೂಲಿಯಾಗಿ 30 ಸೆಕೆಂಡ್ ಕಾಯುತ್ತದೆ. ನಿಮ್ಮ ಸ್ವಚ್ಛತೆ ಆ ಅವಧಿಯೊಳಗೆ ಮುಗಿಯಬೇಕು.

ಸತ್ತರೂ ಕಸ ಉಳಿಯದ ಒಂದು ಒಳ್ಳೆಯ ಉಪಾಯ ಯೂನಿಕ್ಸಿನಲ್ಲಿ ಮೊದಲಿಂದ ಇದೆ. ಫೈಲ್ ತೆರೆದ ಕೂಡಲೇ ಅದರ ಹೆಸರನ್ನು ಅಳಿಸಿಬಿಡುವುದು. ಹೆಸರು ಹೋದರೂ ತೆರೆದಿಟ್ಟುಕೊಂಡ ಪ್ರೋಸೆಸ್ಸಿಗೆ ಫೈಲ್ ಇದ್ದೇ ಇರುತ್ತದೆ. ಓದಬಹುದು, ಬರೆಯಬಹುದು. ಪ್ರೋಸೆಸ್ ಹೇಗೇ ಸಾಯಲಿ, ಕರ್ನಲ್ ಜಾಗ ವಾಪಸ್ ತೆಗೆದುಕೊಳ್ಳುತ್ತದೆ. 2013ರ ಲಿನಕ್ಸ್ 3.11ರಿಂದ ಹೆಸರೇ ಇಲ್ಲದೆ ಫೈಲ್ ಹುಟ್ಟಿಸುವ ದಾರಿಯೂ ಬಂದಿದೆ, ಓ-ಟಿಎಂಪಿಫೈಲ್ ಅಂತ. ಪೈಥಾನಿನ ಟೆಂಪರರಿಫೈಲ್ ಸಾಧ್ಯವಿದ್ದಾಗ ಅದನ್ನೇ ಬಳಸುತ್ತದೆ. ಬೇರೆ ಪ್ರೋಗ್ರಾಂಗೆ ಫೈಲ್ ಹೆಸರು ಕೊಡಬೇಕಿಲ್ಲದ ಕಡೆಯೆಲ್ಲ ನಾನು ಇದನ್ನೇ ಆರಿಸುತ್ತೇನೆ.

ಇದರ ಜೊತೆಗೆ ಬರುವ ಒಂದು ಗೊಂದಲ ಹೇಳಿಬಿಡುತ್ತೇನೆ. ಡಿಸ್ಕಿನ ಖಾಲಿ ಜಾಗ ತೋರಿಸುವ ಡಿಎಫ್ ಕಮಾಂಡು ಡಿಸ್ಕ್ ತುಂಬಿದೆ ಅನ್ನುತ್ತದೆ, ಫೈಲುಗಳ ಗಾತ್ರ ತೋರಿಸುವ ಡಿಯು ಎಲ್ಲಾ ಫೈಲ್ ಕೂಡಿಸಿದರೂ ಅರ್ಧ ಆಗುವುದಿಲ್ಲ. ಬಾಕಿ ಜಾಗ ಹೋಗಿರುವುದು ಹೆಸರು ಅಳಿಸಿದ, ಆದರೆ ಯಾರೋ ತೆರೆದೇ ಇಟ್ಟುಕೊಂಡಿರುವ ಫೈಲಿಗೆ. ಎಲ್‌ಎಸ್‌ಒಎಫ್ ಕಮಾಂಡಿಗೆ ಪ್ಲಸ್ ಎಲ್1 ಕೊಟ್ಟರೆ ಯಾವ ಪ್ರೋಸೆಸ್ ಅಂತ ತೋರಿಸುತ್ತದೆ. ಆ ಪ್ರೋಸೆಸ್ ರೀಸ್ಟಾರ್ಟ್ ಮಾಡಿದರೆ ಜಾಗ ಬಿಡುಗಡೆ ಆಗುತ್ತದೆ.

ಹೆಸರು ಬೇಕೇ ಬೇಕಾದ ಕಡೆ ಗುಡಿಸುವವರು ಬೇಕು. ಸೇವೆಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಂಡಿ ಇರುವ ಲಿನಕ್ಸಿನಲ್ಲಿ ಟೆಂಪ್‌ಫೈಲ್ಸ್ ಅನ್ನುವ ಸೇವೆ ದಿನಕ್ಕೊಮ್ಮೆ ಗುಡಿಸುತ್ತದೆ. ಅದರ ಮೂಲ ಸೆಟ್ಟಿಂಗಿನಲ್ಲಿ ಸ್ಲ್ಯಾಶ್ ಟೆಂಪಿಗೆ 10 ದಿನ, ವಾರ್ ಒಳಗಿನ ಟೆಂಪಿಗೆ (/var/tmp) 30 ದಿನ. ನಿಮ್ಮ ಮಷೀನಿನಲ್ಲಿ ಏನಿದೆ ಅಂತ ನೋಡಿಕೊಳ್ಳಿ, ಎಲ್ಲಾ ಕಡೆ ಒಂದೇ ಇರುವುದಿಲ್ಲ. ಎರಡೇ ದಿನಕ್ಕೆ ತುಂಬುವ ಸರ್ವರಿಗೆ 10 ದಿನ ಸಾಲದು ಅನ್ನುವುದು ಆಗಲೇ ಮಾಡಿದ ಲೆಕ್ಕದಲ್ಲೇ ಇದೆ. ಸರ್ವಿಸ್ ಫೈಲಿನಲ್ಲಿ ಪ್ರೈವೇಟ್‌ಟೆಂಪ್ ಆನ್ ಮಾಡಿದರೆ ನಿಮ್ಮ ಸರ್ವಿಸ್ಸಿಗೆ ಬೇರೆಯೇ ಸ್ಲ್ಯಾಶ್ ಟೆಂಪ್ ಸಿಗುತ್ತದೆ. ಬೇರೆಯವರು ಇಣುಕಲಾರರು, ಸರ್ವಿಸ್ ನಿಂತಾಗ ಒಳಗಿನದೆಲ್ಲ ಹೋಗುತ್ತದೆ. ಒಂದೇ ಸಾಲು, ದೊಡ್ಡ ಲಾಭ.

ನೀವೇ ಗುಡಿಸುವ ಸ್ಕ್ರಿಪ್ಟ್ ಬರೆಯುವುದಾದರೆ ಎರಡು ಕಡೆ ಎಚ್ಚರ ಬೇಕು. ಒಂದು, ಖಾಲಿ ವೇರಿಯಬಲ್. 2015ರ ಜನವರಿಯಲ್ಲಿ ಸ್ಟೀಮ್ ಎಂಬ ಗೇಮ್ ಪ್ರೋಗ್ರಾಂನ ಲಿನಕ್ಸ್ ಸ್ಕ್ರಿಪ್ಟಿನಲ್ಲಿ ಒಂದು ದೋಷ ಬೆಳಕಿಗೆ ಬಂತು. ಫೋಲ್ಡರ್ ಹೆಸರಿರಬೇಕಾದ ವೇರಿಯಬಲ್ ಖಾಲಿಯಾಗಿ, ಅದರ ಮುಂದಿನ ಸ್ಲ್ಯಾಶ್ ಮತ್ತು ನಕ್ಷತ್ರ ಮಾತ್ರ ಉಳಿದು, ಆರ್‌ಎಂ ಕಮಾಂಡು ಬಳಕೆದಾರರ ಸ್ವಂತ ಫೈಲ್‌ಗಳನ್ನೇ ಅಳಿಸಿತು. ಹಾಗಾಗಿ ಅಳಿಸುವ ಮುಂಚೆ ದಾರಿ ಖಾಲಿಯಲ್ಲ, ಟೆಂಪ್ ಡೈರೆಕ್ಟರಿಗಳನ್ನೆಲ್ಲ ಇಡುವ ನಿಮ್ಮ ಮೇಲಿನ ಡೈರೆಕ್ಟರಿಯ ಒಳಗೇ ಇದೆ ಅಂತ ಸ್ಕ್ರಿಪ್ಟ್ ತಾನೇ ನೋಡಿಕೊಳ್ಳಬೇಕು.

ಇನ್ನೊಂದು, ವಯಸ್ಸಿನ ಲೆಕ್ಕ. ಎರಡು ಗಂಟೆಗಿಂತ ಹಳೆಯ ಡೈರೆಕ್ಟರಿ ಅಳಿಸು ಅಂತ ಬರೆಯುತ್ತೀರಿ. ಡೈರೆಕ್ಟರಿಯ ಬದಲಾವಣೆ ಸಮಯ ಮುಂದೆ ಹೋಗುವುದು ಅದರೊಳಗೆ ಫೈಲ್ ಸೇರಿದಾಗ, ಹೋದಾಗ, ಹೆಸರು ಬದಲಾದಾಗ. ಇರುವ ಫೈಲಿಗೆ ಬರೆಯುತ್ತಾ ಹೋದರೆ ಮುಂದೆ ಹೋಗುವುದಿಲ್ಲ. ಒಂದು ವಿಡಿಯೋ ಕೆಲಸ ಮೂರು ಗಂಟೆಯಿಂದ ಒಂದೇ ಫೈಲಿಗೆ ಬರೆಯುತ್ತಿದೆ ಅನ್ನಿ. ಫೈಲ್ ಈ ಕ್ಷಣದ್ದು, ಡೈರೆಕ್ಟರಿ ಮೂರು ಗಂಟೆ ಹಳೆಯದು. ಸ್ಕ್ರಿಪ್ಟ್ ಬಂದು ಜೀವಂತ ಕೆಲಸದ ಕಾಲಡಿಯ ನೆಲವನ್ನೇ ತೆಗೆಯುತ್ತದೆ. ಇದಕ್ಕೆ ಪರಿಹಾರ ಡೈರೆಕ್ಟರಿಯ ಮೇಲೆ, ಬಳಕೆಯಲ್ಲಿದೆ ಅಂತ ತೋರಿಸುವ ಬೀಗವಾದ ಎಫ್‌ಲಾಕ್ ಹಿಡಿಯುವುದು. ಸಿಸ್ಟಂಡಿಯ ಟೆಂಪ್‌ಫೈಲ್ಸ್ ಲಾಕ್ ಹಿಡಿದ ಡೈರೆಕ್ಟರಿಯನ್ನು ಮುಟ್ಟದೆ ಮುಂದೆ ಹೋಗುತ್ತದೆ. ನಿಮ್ಮ ಸ್ಕ್ರಿಪ್ಟೂ ಮೊದಲು ಲಾಕ್ ಸಿಗುತ್ತದಾ ನೋಡಿ, ಸಿಕ್ಕರೆ ಮಾತ್ರ ಅಳಿಸಲಿ. ಪ್ರೋಸೆಸ್ ಸತ್ತರೆ ಲಾಕ್ ತಾನಾಗಿ ಬಿಡುತ್ತದೆ. ಆಮೇಲೆ ಗುಡಿಸಬಹುದು. ಆದರೆ ಲಾಕ್ ಹಿಡಿದ ಡಿಸ್ಕ್ರಿಪ್ಟರ್ (ತೆರೆದ ಫೈಲಿನ ಹಿಡಿಕೆ) ನಿಮ್ಮ ಪ್ರೋಗ್ರಾಂ ಹುಟ್ಟಿಸಿದ ಮಗು ಪ್ರೋಸೆಸ್ಸಿಗೆ ಹೋಗಿದ್ದರೆ ಅದು ಬದುಕಿರುವವರೆಗೂ ಲಾಕ್ ಉಳಿಯುತ್ತದೆ. ಇದು ನಮಗೆ ಬೇಕಾದದ್ದೇ, ಯಾಕೆಂದರೆ ಎಫ್‌ಎಫ್‌ಎಂಪೆಗ್ ಇನ್ನೂ ಬರೆಯುತ್ತಿರಬಹುದು.

ಎಲ್ಲಿ ಇಡಬೇಕು ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಸ್ಲ್ಯಾಶ್ ಟೆಂಪ್ ಡಿಸ್ಕಿನಲ್ಲೇ ಇರುತ್ತದೆ ಅಂತ ನಂಬಬೇಡಿ. 2025ರಲ್ಲಿ ಬಂದ ಡೆಬಿಯನ್ 13ರಲ್ಲಿ ಅದು ಮಾಮೂಲಿಯಾಗಿ ರ‍್ಯಾಮಿನಲ್ಲಿ ಇರುತ್ತದೆ, ಅರ್ಧ ಮೆಮೊರಿಯವರೆಗೂ ತಿನ್ನಬಹುದು. ಅಲ್ಲಿ ದೊಡ್ಡ ವಿಡಿಯೋ ಇಟ್ಟರೆ ಮೆಮೊರಿಯೇ ಖಾಲಿ. ಅಮೆಜಾನಿನ ಕ್ಲೌಡ್ ಸೇವೆಯಾದ ಎಡಬ್ಲ್ಯೂಎಸ್ ಲ್ಯಾಂಬ್ಡಾದಲ್ಲಿ ಸ್ಲ್ಯಾಶ್ ಟೆಂಪಿಗೆ ಮಾಮೂಲಿ 512 ಎಂಬಿ ಸಿಗುತ್ತದೆ. ಒಂದು ರಿಕ್ವೆಸ್ಟ್ ಬಿಟ್ಟ ಫೈಲ್ ಮುಂದಿನ ರಿಕ್ವೆಸ್ಟಿಗೂ ಅಲ್ಲೇ ಇರಬಹುದು. ತಾತ್ಕಾಲಿಕ ಫೈಲನ್ನು ಬರೆದು ಮುಗಿಸಿ ಅಸಲಿ ಹೆಸರಿಗೆ ರಿನೇಮ್ ಮಾಡುವವರು ಅದನ್ನು ಅಸಲಿ ಫೈಲಿನ ಡೈರೆಕ್ಟರಿಯಲ್ಲೇ ಹುಟ್ಟಿಸಿ. ಒಂದು ಫೈಲ್‌ಸಿಸ್ಟಂನಿಂದ ಇನ್ನೊಂದಕ್ಕೆ ರಿನೇಮ್ ಆಗುವುದಿಲ್ಲ, ಎರರ್ ಬರುತ್ತದೆ.

ಕೊನೆಯದು, ಆದರೆ ನನಗೆ ಇದೇ ಮುಖ್ಯ. ನಾವು ಟೆಂಪ್ ಅನ್ನುವ ಫೈಲಿನಲ್ಲಿ ಜನರ ಆಧಾರ್ ಕಾರ್ಡ್ ಇರುತ್ತದೆ, ಪಹಣಿ ಇರುತ್ತದೆ, ಪಾಸ್‌ಬುಕ್ಕಿನ ಮೊದಲ ಪುಟದ ಫೋಟೋ ಇರುತ್ತದೆ. ಅದು ಕೆಲಸ ಮುಗಿದ ಮೇಲೂ ಉಳಿದರೆ ಬ್ಯಾಕಪ್ಪಿಗೂ ಹೋಗಬಹುದು, ಹಳೆಯ ಡಿಸ್ಕಿನ ಜೊತೆ ಇನ್ನೊಬ್ಬರ ಕೈಗೂ ಹೋಗಬಹುದು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯೂ ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನು ಇಡಬೇಕು ಅನ್ನದಿದ್ದರೆ, ಅಂಥ ಮಾಹಿತಿ ಅಳಿಸಬೇಕು ಅನ್ನುತ್ತದೆ. ಕಾಯ್ದೆ ಇಲ್ಲದಿದ್ದರೂ ಅಳಿಸಬೇಕು. ಆ ಜನ ನಮ್ಮನ್ನು ನಂಬಿ ಫೋಟೋ ಕಳಿಸಿದ್ದಾರೆ.

ಇನ್ನು ಸಭೆಯಲ್ಲಿ ಬಂದ ಪ್ರಶ್ನೆಗಳು.

"ಸರ್, ದಿನಾ ರಾತ್ರಿ ಸರ್ವರ್ ರೀಬೂಟ್ ಮಾಡಿದರೆ ಸಾಲದಾ?" ಅಂತ ಒಬ್ಬರು ಕೇಳಿದರು. ಸಾಲದು. ಸ್ಲ್ಯಾಶ್ ಟೆಂಪ್ ಎಲ್ಲಾ ಕಡೆ ರೀಬೂಟಿನಲ್ಲಿ ಖಾಲಿ ಆಗುವುದಿಲ್ಲ. ವಾರ್ ಒಳಗಿನ ಟೆಂಪ್ ಇರುವುದೇ ರೀಬೂಟ್ ಆದರೂ ಉಳಿಯಲಿ ಅಂತ. ಹಗಲು ಹೊತ್ತಿನಲ್ಲೇ ತುಂಬಿದರೆ ರಾತ್ರಿಯ ರೀಬೂಟಿನಿಂದ ಏನೂ ಉಪಯೋಗವಿಲ್ಲ.

ಒಬ್ಬ ವಿದ್ಯಾರ್ಥಿನಿ, ಡಿಸ್ಕಿನಲ್ಲಿ ಅರ್ಧ ಜಾಗ ಇದ್ದರೂ ಜಾಗ ಇಲ್ಲ ಅನ್ನುವ ಎರರ್ ಯಾಕೆ ಬರುತ್ತದೆ ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಪ್ರತಿ ಫೈಲಿಗೂ ಒಂದು ಐನೋಡ್, ಅಂದರೆ ಅದರ ವಿವರ ಇಡುವ ದಾಖಲೆ, ಬೇಕು. ಇಎಕ್ಸ್‌ಟಿ4 ಫೈಲ್‌ಸಿಸ್ಟಂ ಮಾಡುವಾಗಲೇ ಅದರ ಸಂಖ್ಯೆ ನಿಗದಿ ಆಗುತ್ತದೆ. ಮಾಮೂಲಿಯಾಗಿ 16 ಕೆಬಿಗೆ ಒಂದು. 40 ಜಿಬಿ ಡಿಸ್ಕಿಗೆ ಸುಮಾರು 26 ಲಕ್ಷ. ಒಂದೊಂದೇ ಕೆಬಿಯ ಸಣ್ಣ ಟೆಂಪ್ ಫೈಲ್ 26 ಲಕ್ಷ ಸೇರಿದರೆ ಜಾಗ ಇದ್ದರೂ ಹೊಸ ಫೈಲ್ ಹುಟ್ಟುವುದಿಲ್ಲ. ಡಿಎಫ್ ಮೈನಸ್ ಐ ಹಾಕಿದರೆ ಕಾಣುತ್ತದೆ.

"ಸರಿಯಾಗಿ ಅಳಿಸುತ್ತಿದೆ ಅಂತ ಟೆಸ್ಟ್ ಮಾಡೋದು ಹೇಗೆ?" ಅನ್ನುವುದು ಇನ್ನೊಬ್ಬರ ಪ್ರಶ್ನೆ. ಟೆಸ್ಟ್ ಶುರುವಾಗುವ ಮುಂಚೆ ಒಂದು ಖಾಲಿ ಡೈರೆಕ್ಟರಿ ಮಾಡಿ, ಟಿಎಂಪಿಡಿಐಆರ್ ಅದಕ್ಕೇ ಇಡಿ. ಸರಿಯಾದ ಫೈಲ್ ಕಳಿಸಿ. ಹಾಳಾದ ಫೈಲ್ ಕಳಿಸಿ. ಅರ್ಧ ಡೌನ್‌ಲೋಡ್ ಮಾಡಿ ಸಂಪರ್ಕ ಕಡಿಯಿರಿ. ಸಿಗ್‌ಟರ್ಮ್ ಕಳಿಸಿ. ಪ್ರತಿ ಸಲವೂ ಕೊನೆಗೆ ಆ ಡೈರೆಕ್ಟರಿ ಖಾಲಿ ಇರಬೇಕು. ಆಮೇಲೆ ಕೆಲಸದ ನಡುವೆ ಕಿಲ್ ಮೈನಸ್ 9 ಹೊಡೆಯಿರಿ. ಈ ಸಲ ಕಸ ಉಳಿಯುತ್ತದೆ. ಪ್ರೋಗ್ರಾಂ ಮತ್ತೆ ಶುರು ಮಾಡಿ, ಗುಡಿಸುವ ಸ್ಕ್ರಿಪ್ಟ್ ಓಡಿಸಿ. ಈಗ ಖಾಲಿ ಆಗಬೇಕು.

ಕೊನೆಯ ಪ್ರಶ್ನೆ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕೋಡ್ ಬರೆಯುವ ಹುಡುಗರದು. ಸರ್ವರಿನಲ್ಲಿ ಓಡುವ ಪೈಥಾನಿನ ನೇಮ್ಡ್‌ಟೆಂಪರರಿಫೈಲ್ ಕೋಡು ಅವರ ಮಷೀನಿನಲ್ಲಿ ಪರ್ಮಿಶನ್ ಎರರ್ ಕೊಡುತ್ತದೆ. ವಿಂಡೋಸಿನಲ್ಲಿ ಹಾಗೆ ತೆರೆದಿಟ್ಟ ಫೈಲನ್ನು ಹೆಸರು ಹಿಡಿದು ಇನ್ನೊಮ್ಮೆ ತೆರೆಯಲು ಬಿಡುವುದಿಲ್ಲ. ಪೈಥಾನ್ 3.12ರಲ್ಲಿ ಡಿಲೀಟ್ ಆನ್ ಕ್ಲೋಸ್ ಅನ್ನುವ ಆಯ್ಕೆ ಸೇರಿಸಿದ್ದಾರೆ. ಅದಕ್ಕೆ ಫಾಲ್ಸ್ ಕೊಡಿ. ಬರೆದು ಮುಗಿಸಿ ಫೈಲ್ ಮುಚ್ಚಿ, ಹೆಸರನ್ನು ಬೇರೆ ಪ್ರೋಗ್ರಾಂಗೆ ಕೊಡಿ. ವಿತ್ ಬ್ಲಾಕಿನಿಂದ ಹೊರಗೆ ಬಂದಾಗ ಫೈಲ್ ಅಳಿಯುತ್ತದೆ, ಎರಡೂ ಕಡೆ ಒಂದೇ ಕೋಡು ಓಡುತ್ತದೆ. ಹಳೆಯ ಪೈಥಾನ್ ಇದ್ದರೆ ಟೆಂಪ್ ಡೈರೆಕ್ಟರಿ ಮಾಡಿಕೊಂಡು ಅದರೊಳಗೆ ಮಾಮೂಲಿ ಫೈಲ್ ಬರೆಯಿರಿ.